ತೊಗಲೆತ್ತಿನ ಆಟಕ್ಕೆ ನಾನು ನಕ್ಕದ್ದು

ಆ ದಿನ ನಾನು ನಕ್ಕದ್ದು ಸುಳ್ಳು, ಮಾವಾ. ನಿನ್ನ ಆಟ ನನಗೆ ಬೇಸರ ತಂದಿರಲಿಲ್ಲ. ನಗು ಬಂದೂ ಇರಲಿಲ್ಲ. ಗಂಟಲಿಗೆ ಬಂದದ್ದು ಅಳು — ಅದನ್ನು ಮುಚ್ಚಿಕೊಳ್ಳಲು ಬೇರೇನೂ ಸಿಗದೆ ನಕ್ಕುಬಿಟ್ಟೆ. ಇಷ್ಟು ಸಣ್ಣ ಮಾತನ್ನು ಹೇಳುವುದಕ್ಕೆ ನನ್ನ ತಲೆಯೆಲ್ಲ ಬೆಳ್ಳಗಾಗಬೇಕಾಯಿತು.

ಊರಿನವರು ಈಗಲೂ ಆ ಆಟದ ಮಾತು ಎತ್ತುತ್ತಾರೆ. ವೀಳ್ಯದೆಲೆ ತೋಟದಲ್ಲಿ ಎಲೆ ಕೀಳುವಾಗ ಒಬ್ಬಳು ಶುರು ಮಾಡುತ್ತಾಳೆ — ಅಂಥ ಆಟ ಇನ್ನು ಹುಟ್ಟಿಬರಬೇಕು ಅಂತ. ಪಕ್ಕದ ಸಾಲಿನವಳು ಬಿಡುತ್ತಾಳೆಯೇ? ಅದೂ ಒಂದು ಆಟವಾ, ಕೂತು ಕೂತು ಸೊಂಟ ಹಿಡಿದದ್ದೇ ಬಂತು ಅನ್ನುತ್ತಾಳೆ. ಮಾತಿಗೆ ಮಾತು ಬೆಳೆದು ಕೊನೆಗೆ ಯಾರಾದರೂ ನನ್ನ ಕಡೆ ಕೈ ತೋರಿಸುತ್ತಾರೆ. "ಅವನ ಅಕ್ಕನ ಮಗಳೇ ನಕ್ಕಳಲ್ಲ, ಇನ್ನೇನ್ ಬೇಕು?" ಅಲ್ಲಿಗೆ ವಾದ ಮುಗಿಯಿತು. ನಾನು ತಲೆ ತಗ್ಗಿಸಿಕೊಂಡು ಎಲೆ ಕೀಳುತ್ತಿರುತ್ತೇನೆ.

ನೀನು ನನ್ನ ಅವ್ವನ ಕೊನೆಯ ತಮ್ಮ. ನಿನ್ನ ಅವ್ವ ಬೇಗ ತೀರಿಕೊಂಡಳು, ನಮ್ಮ ಮನೆಯಲ್ಲೇ ಬೆಳೆದೆ. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು — ನಮ್ಮ ಜನದಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ನಾನು ತೊಟ್ಟಿಲಲ್ಲಿ ಇದ್ದಾಗಲೇ ನಿನ್ನವಳು. ಸಂಜೆ ನೀನು ಹೊಲದಿಂದ ಬಂದು ಜಗಲಿಯ ಮೇಲೆ ಕೂತರೆ ನಾನು ಚೊಂಬು ಹಿಡಿದು ಬಂದು, "ನೀರ್ ಕುಡುದ್ಯಾ ಮಾವಾ?" ಅನ್ನುತ್ತಿದ್ದೆ. ನಿನ್ನದು ಪ್ರತಿದಿನ ಅದೇ ಉತ್ತರ — "ನೀ ಕೊಟ್ರೆ ತಾನೇ ಕುಡಿಯೋದು." ಬೀದಿಯ ಹೆಂಗಸರಿಗೆ ಇದು ಬಾಯಿಪಾಠವಾಗಿತ್ತು. ನಾನು ಬಾವಿಗೆ ಹೋದರೆ ಸಾಕು, ಒಬ್ಬಳು ನಿನ್ನ ಹಾಗೆ ಗಂಟಲು ದಪ್ಪ ಮಾಡಿಕೊಂಡು ಹೇಳುವಳು, ಉಳಿದವರು ಕೊಡ ಇಳಿಸಿ ನಗುವರು. ನನಗೂ ಒಳಗೊಳಗೆ ಖುಷಿಯೇ.

ಆದರೆ ನಿನಗೆ ತೊಗಲುಗೊಂಬೆಯ ಹುಚ್ಚು. ಕೊಯ್ಲು ಮುಗಿದ ಮೇಲೆ ಗೊಂಬೆಯಾಟದವರು ಬಂಡಿ ಕಟ್ಟಿಕೊಂಡು ಬಂದು, ಬಿಳಿ ಬಟ್ಟೆಯ ಹಿಂದೆ ದೀಪ ಹಚ್ಚಿ, ಈ ಸೀಮೆಯ ಮಾತಾದ ತಮಿಳಿನಲ್ಲಿ ರಾಮನ ಕಥೆ ಆಡಿಸುತ್ತಿದ್ದರು. ನಾವೆಲ್ಲ ಬಟ್ಟೆಯ ಮುಂದೆ ಕೂತರೆ ನೀನು ಹಿಂದೆ ಹೋಗಿ ಕೂರುತ್ತಿದ್ದೆ. ಆಮೇಲೆ ನೀನೇ ಮೇಕೆಯ ತೊಗಲು ತಂದು, ಹದ ಮಾಡಿ, ಉಳಿಯಲ್ಲಿ ಕೊರೆಯಲು ಕೂತೆ. ನಾವು ದೇವರ ದನದ ಮಂದೆ ಸಾಕುವ ಜನ. ಆ ಮಂದೆಯ ಹಸು ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತೇವೆ, ತೊಗಲನ್ನು ಕೈಯಲ್ಲಿ ಮುಟ್ಟುವುದಿಲ್ಲ. ಮೇಕೆಯದಾದರೇನು, ತೊಗಲು ತೊಗಲೇ ಎಂದು ನನ್ನ ಅಪ್ಪ ನಿನ್ನ ಗೊಂಬೆಯನ್ನು ಒಲೆಗೆ ಹಾಕಿದರು. ನೀನು ಕಡಲಾಚೆ ಕಂಡಿಸೀಮೆಯ ಚಹಾ ತೋಟಕ್ಕೆ ಆಳು ಕೂಡಿಸಲು ಬಂದಿದ್ದ ಕಂಗಾಣಿಯ ಹಿಂದೆ ಹೋಗಿಬಿಟ್ಟೆ. ನನಗೂ ಹೇಳಲಿಲ್ಲ — ಇದನ್ನು ದೂರು ಎಂದು ಹೇಳುತ್ತಿಲ್ಲ, ದೂರಲು ನನಗೆ ಬಾಯಿ ಎಲ್ಲಿದೆ?

ಕಾದೆ. ಎಷ್ಟು ಕಾದೆ ಎಂದರೆ ಅವ್ವನಿಗೇ ನನ್ನ ಮುಖ ನೋಡಲು ಆಗದೆ ಹೋಯಿತು. ಕಡಲಾಚೆಯಿಂದ ಬಂದವರನ್ನೆಲ್ಲ ಕೇಳಿ ನೋಡಿದೆವು, ಯಾರಿಗೂ ನಿನ್ನ ಸುಳಿವಿಲ್ಲ. ಕೊನೆಗೆ ಅದೇ ಬೀದಿಯ ಆಚೆ ತುದಿಯ ಮನೆಗೆ ನನ್ನನ್ನು ಕೊಟ್ಟರು. ನನ್ನ ಮನೆಯವರು ಒಳ್ಳೆಯವರು, ಮಾವಾ. ಹೆಚ್ಚು ಮಾತಿಲ್ಲದ, ಎತ್ತಿಗೂ ಗದರದ ಮನುಷ್ಯ. ಆದರೂ ಅವರು ಹೊಲದಿಂದ ಬಂದಾಗ ನಾನು ಚೊಂಬನ್ನು ಪಕ್ಕದಲ್ಲಿ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದೆ. ಆ ಎರಡು ಮಾತು ಅವರಿಗೆ ಕೊಡಲಿಲ್ಲ. ಅದೂ ಒಂದು ತಪ್ಪೇ.

ಪೆರಿಯಾರು ಹೊಳೆಯ ನೀರು ಮಲೆಯ ಸುರಂಗದೊಳಗಿಂದ ಹರಿದು ಮೊದಲ ಸಲ ನಮ್ಮ ಕಡೆಗೆ ಬಂದ ಆ ವರ್ಷ ನೀನು ಬಂದೆ. ಚಿನ್ನಮನೂರಿನ ದಾರಿಯಲ್ಲಿ ಒಬ್ಬನೇ ನಡೆದು ಬರುತ್ತಿದ್ದೆಯಂತೆ, ಹೆಗಲಲ್ಲಿ ಒಂದು ಚಾಪೆಯ ಸುರುಳಿ. ಅವ್ವ ಓಡಿಹೋಗಿ ತಬ್ಬಿಕೊಂಡಳು. ನಾನು ಬಾಗಿಲ ಸಂದಿಯಿಂದ ನೋಡಿದೆ. ಮುಖ ಬತ್ತಿತ್ತು, ಕಣ್ಣು ಮಾತ್ರ ಅದೇ.

ಹಿರಿಯರು ಕೂಡಿದರು. ಕಡಲು ದಾಟಿದವನು, ಯಾರ ಕೈಯಲ್ಲಿ ಏನು ಉಂಡನೋ. ಇವನನ್ನು ನಮ್ಮ ಊಟದ ಸಾಲಿನಲ್ಲಿ ಕೂರಿಸುವುದೋ ಬೇಡವೋ? ಸಾಲಿನಲ್ಲಿ ಜಾಗವಿಲ್ಲ ಅಂದರೆ ಊರಿನಲ್ಲಿ ಜಾಗವಿಲ್ಲ ಅಂದ ಹಾಗೆ. ನೀನು ಕೈ ಮುಗಿದು ಒಂದೇ ಮಾತು ಕೇಳಿದೆ. "ನಾ ಅಲ್ಲಿ ಹೆಂಗಿದ್ದೆ ಅಂತ ಗೊಂಬೇಲಿ ತೋರಿಸ್ತೀನಿ. ನೋಡ್ಬುಟ್ಟು ಹೇಳಿ." ದೊಡ್ಡವರು ಒಪ್ಪಿದರು. ಆಟ ನೋಡೋಣ, ನಾಳೆ ಸಾಲು ಹಾಕೋಣ ಎಂದರು. ಮುಕ್ಕಾಲು ಪಾಲು ನಿನ್ನ ಕಡೆಗೇ ಇದ್ದರು.

ದೀಪ ಹಚ್ಚುವ ಹೊತ್ತಿಗೆ ಕಣದಲ್ಲಿ ಊರೆಲ್ಲ ಸೇರಿತ್ತು. ರಾಮ ಬರುತ್ತಾನೆ, ರಾವಣ ಬರುತ್ತಾನೆ, ಕೋಡಂಗಿ ಬಂದು ನಗಿಸುತ್ತಾನೆ ಎಂದು ಹುರಿಗಡಲೆ ಕಟ್ಟಿಕೊಂಡು ಬಂದವರು ಎಷ್ಟೋ ಮಂದಿ. ಬಟ್ಟೆಯ ಮೇಲೆ ಬಂದದ್ದು ಒಬ್ಬ ಗಂಡಸು, ಒಂದು ಗಡಿಗೆ, ಒಂದು ಎತ್ತು. ಅಷ್ಟೇ. ಆ ಗಂಡಸು ಗುಡ್ಡ ಇಳಿದು ಬಂದು ಬುಟ್ಟಿ ಇಳಿಸಿದ. ಕೂತ. ಒಲೆ ಹಚ್ಚಿದ. ಗಡಿಗೆ ಇಟ್ಟ. ಮತ್ತೆ ಕೂತ. ಅನ್ನ ಬೇಯುವಷ್ಟು ಹೊತ್ತೂ ನೆರಳು ಅಲುಗಲಿಲ್ಲ. ಮದ್ದಳೆ ಇಲ್ಲ, ಹಾಡಿಲ್ಲ, ಬತ್ತಿ ಚಿಟಪಟ ಅನ್ನುವುದು ನಮ್ಮ ಸಾಲಿನವರೆಗೂ ಕೇಳುತ್ತಿತ್ತು.

ಆಮೇಲೆ ಅವನು ಮಾತಾಡಿದ. ಮಾತಾಡಿದ್ದು ನಮ್ಮ ಮಾತು!

ಬಟ್ಟೆಯ ಮೇಲಿನ ಗೊಂಬೆ ತಮಿಳನ್ನಲ್ಲದೆ ಬೇರೆ ಮಾತಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ. ನಮ್ಮ ಕನ್ನಡ ಒಲೆಯ ಮುಂದಿನದು, ಕೊಟ್ಟಿಗೆಯದು. ಹೊಸ್ತಿಲು ದಾಟಿದರೆ ತಮಿಳು. ಮೈಮೇಲಿನ ಬಟ್ಟೆ ಜಾರಿದ ಹಾಗಾಯಿತು ಕೆಲವರಿಗೆ. "ಮನೇ ಮಾತ್ನ ಕಣಕ್ ತಂದು ಹರಡ್ತಾನಲ್ಲೋ," ಎಂದು ಯಾರೋ ಮುದುಕರು ಮುಲುಗಿದರು. ಇನ್ನೊಬ್ಬರು ಅವರನ್ನು ಸುಮ್ಮನಿರಿಸಿದರು. ಅವ್ವ ಆಗಲೇ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ಗೊಂಬೆ ಗಡಿಗೆಯ ಜೊತೆ ಮಾತಾಡುತ್ತಿತ್ತು. ಊರಲ್ಲಿ ಈಗ ಅಕ್ಕ ಹಾಲು ಕರೀತಿರ್ತಾಳೆ, ಮಂದೆ ದೂಳೆಬ್ಬಿಸ್ಕೊಂಡು ಬರ್ತಿರುತ್ತೆ... ಹೀಗೆ ಒಂದು ಮಾತು ಆಡುವುದು, ನಿಲ್ಲುವುದು. ಆ ತೋಟದ ಆಳುಗಳ ಸಾಲುಮನೆಗಳಲ್ಲಿ ನಮ್ಮ ಮಾತು ಬಲ್ಲ ಒಂದು ಜೀವವೂ ಇರಲಿಲ್ಲ ಎಂದು ನೀನು ಎಲ್ಲೂ ಹೇಳಲಿಲ್ಲ. ಹೇಳದೆಯೇ ಗೊತ್ತಾಯಿತು. ಹಿಂದಿನ ಸಾಲಿನಲ್ಲಿ ಕೆಲವರು ಆಕಳಿಸಿದರು, ಕೆಲವರು ಎದ್ದು ಹೋದರು. ನನಗೆ ಮಾತ್ರ ಆ ಗುಡ್ಡದ ಮೇಲೆ, ಆ ಗಡಿಗೆಯ ಪಕ್ಕದಲ್ಲೇ ಕೂತ ಹಾಗೆ ಆಗುತ್ತಿತ್ತು. ಎದ್ದುಹೋಗಿ ಬಟ್ಟೆ ಸರಿಸಿ, ಸಾಕು ಬಾ, ಮನೆಗೆ ಹೋಗೋಣ ಅನ್ನಬೇಕು ಅನ್ನಿಸುತ್ತಿತ್ತು...

ಆಗ ಗೊಂಬೆ ಎತ್ತಿನ ಹತ್ತಿರ ಹೋಯಿತು. ಅದರ ಕೊರಳ ಮೇಲೆ ಕೈ ಇಟ್ಟು ಕೇಳಿತು —

"ನೀರ್ ಕುಡುದ್ಯಾ?"

ಕೇಳಿ, ಕಾಯಿತು. ಎತ್ತು ಸುಮ್ಮನೆ ನಿಂತಿತ್ತು. ಗೊಂಬೆ ಕಾಯುತ್ತಲೇ ಇತ್ತು.

ಕಣದಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಮಾತು ಯಾರದು, ಅದಕ್ಕೆ ಉತ್ತರ ಏನು ಎಂದು ಅವರಿಗೆ ಗೊತ್ತಿಲ್ಲವೇ? ನನ್ನ ಎಡಕ್ಕೆ ಅತ್ತೆ ಕೂತಿದ್ದರು. ಗಂಡಸರ ಸಾಲಿನಲ್ಲಿ ನನ್ನ ಮನೆಯವರು. ಮಡಿಲಲ್ಲಿ ಮಗು. ಒಂದು ಹನಿ ಕಣ್ಣೀರು ಬಿದ್ದರೆ ನನ್ನ ಸಂಸಾರ ಮುಗಿಯಿತು ಅಂದುಕೊಂಡೆ. ನಕ್ಕೆ. ಗಟ್ಟಿಯಾಗಿ ನಕ್ಕೆ. ನಕ್ಕು ಸುಮ್ಮನಾಗಲೂ ಇಲ್ಲ, "ಇದು ಎನ್ನ ಕೂತ್ತು!" ಎಂದೆ.

ಇದೆಂಥ ಆಟ ಅಂತ — ತಮಿಳಿನಲ್ಲಿ. ನಮ್ಮ ಮಾತಿಗಾಗಿ ಅಷ್ಟು ವರ್ಷ ಬಾಯಾರಿ ಬಂದವನಿಗೆ ನಾನು ಬೀದಿಯ ಮಾತನ್ನು ಎಸೆದೆ. ಮನೆಯ ಮಾತಿನಲ್ಲಿ ಬೈಯಲು ಹೊರಟಿದ್ದರೆ ಸ್ವರ ಒಡೆದುಹೋಗುತ್ತಿತ್ತು. ತಮಿಳು ಸಲೀಸಾಗಿ ಬಂತು. ನನ್ನ ಹಿಂದೆ ಕಣದ ಅರ್ಧ ಭಾಗ ಕೇಕೆ ಹಾಕಿತು, ಹುರಿಗಡಲೆ ಬಟ್ಟೆಗೆ ಬಂದು ಬಡಿಯಿತು. ಉಳಿದ ಅರ್ಧ, ಸುಮ್ಮನಿರ್ರೋ, ಸುಮ್ಮನಿರ್ರೋ ಎಂದು ಕೂಗಿತು. ಆ ಗದ್ದಲದಲ್ಲೂ ನೆರಳು ಅಲ್ಲೇ ಇತ್ತು, ಎತ್ತಿನ ಕೊರಳ ಮೇಲೆ ಕೈ ಇಟ್ಟುಕೊಂಡು. ಆಮೇಲೆ ನೀನು ದೀಪ ಆರಿಸಿದೆ.

ಮನೆಯ ದಾರಿಯಲ್ಲಿ ಅತ್ತೆ ಮೂಗು ಒರೆಸಿಕೊಳ್ಳುತ್ತಿದ್ದರು. ನೆಗಡಿ ಅಂದುಕೊಂಡೆ. ಬಾಗಿಲು ದೂಡುತ್ತಾ ಅವರು, "ಪಾಪ, ಎತ್ತಿನ್ ತಾವ ಮಾತಾಡ್ಕೊಂಡು ಬದುಕವ್ನೆ," ಎಂದರು. ಮನೆಯವರು ಅಂಗಳದಲ್ಲೇ ನಿಂತಿದ್ದರು. ಅವರ ಕಣ್ಣೂ ಕೆಂಪಾಗಿತ್ತು.

"ಆ ಆಟ ನಂಗೆ ಹಿಡಿಸ್ತು," ಎಂದರು. "ನೀ ಯಾಕೆ ನಕ್ಕೆ?"

ಬೈದು ಕೇಳಲಿಲ್ಲ. ನಿಜಕ್ಕೂ ಗೊತ್ತಾಗದೆ ಕೇಳಿದರು. ಯಾರಿಗೆ ಹೆದರಿ ನಕ್ಕಿದ್ದೆನೋ ಅವರಿಬ್ಬರೂ ನಿನಗಾಗಿ ಅತ್ತಿದ್ದರು. ಮಗುವಿಗೆ ನಿದ್ದೆ ಬಂದಿದೆ ಎಂದು ಒಳಗೆ ಹೋದೆ.

ಬೆಳಗ್ಗೆ ಸಾಲು ಹಾಕುವ ಮೊದಲೇ ಹಿರಿಯರಲ್ಲಿ ಒಡಕು ಬಿದ್ದಿತ್ತು. ತೊಗಲಿನ ಎತ್ತು ಮಾಡಿದನಲ್ಲ ಎಂದು ಒಬ್ಬರು, ಮನೆಯ ಮಾತನ್ನು ಹರಾಜು ಹಾಕಿದನಲ್ಲ ಎಂದು ಇನ್ನೊಬ್ಬರು, ಅವನು ನಮ್ಮವನಲ್ಲದಿದ್ದರೆ ಆ ಮಾತು ಹಾಗೆ ಬರುತ್ತಿತ್ತೇ ಎಂದು ಮತ್ತೊಬ್ಬರು. ಅವರ ಜಗಳ ಮುಗಿಯುವುದನ್ನು ನೀನು ಕಾಯಲಿಲ್ಲ. ನಿನ್ನನ್ನು ಕರೆತರಲು ನನ್ನ ಮನೆಯವರು ಬಂಡಿ ಕಟ್ಟಿಕೊಂಡು ಬತ್ತಲಗುಂಡಿನ ದಾರಿ ಹಿಡಿದು, ಅಮ್ಮಯನಾಯಕನೂರಿನ ರೈಲು ನಿಲ್ಲುವ ಜಾಗದವರೆಗೂ ಹೋದರು. ತೂತುಕುಡಿಯ ಕಡೆಗೆ ರೈಲು ಹೋಗಿಯಾಗಿತ್ತು. ಅಲ್ಲಿಂದ ಹಡಗು, ಹಡಗಿನಿಂದ ಮತ್ತೆ ಅದೇ ಗುಡ್ಡ.

ಅವ್ವ ಬಹಳ ಕಾಲ ನನ್ನ ಜೊತೆ ಮಾತು ಬಿಟ್ಟಳು. ಒಂದು ದಿನ ನಾನೇ ಹೋಗಿ, ಅಷ್ಟು ಜನರ ಎದುರು ಅವನು ನನ್ನನ್ನು ಹಾಗೆ ಕೇಳಬಹುದಿತ್ತಾ ಎಂದು ವಾದಿಸಿದೆ. ಅವ್ವ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ನಿನ್ನ ಎಲ್ಲಿ ಕೇಳ್ದ? ಅವ ಊರ್ನೇ ಕೇಳ್ದ. ಯಾರಾದ್ರೂ ಒಬ್ರು ಹ್ಞೂಂ ಅಂದಿದ್ರೆ ಸಾಕಾಗಿತ್ತು." ಆ ಮಾತು ಕೇಳಿದ ಮೇಲೆ ನನ್ನ ಹತ್ತಿರ ಉಳಿದಿದ್ದ ಒಂದೇ ನೆಪವೂ ಹೋಯಿತು. ನೀನು ನನ್ನನ್ನು ಕೆಣಕಲು ಬಂದಿರಲಿಲ್ಲ. ಮನೆಗೆ ಬಂದಿದ್ದೆ.

ದಿಂಡಿಗಲ್ಲಿನ ಸಂತೆಯಲ್ಲಿ ಒಬ್ಬ ಗೊಂಬೆಯಾಟದವನನ್ನು ಕಂಡೆ, ನಿಮ್ಮ ಮಾವ ಬೊಮ್ಮನ ಹಾಗೇ ಇದ್ದ ಎಂದು ಎಲೆ ವ್ಯಾಪಾರಿಯೊಬ್ಬ ಒಮ್ಮೆ ಹೇಳಿದ. ಮನೆಯವರು ಕೆಲಸ ಬಿಟ್ಟು ಹೋಗಿ ನೋಡಿ ಬಂದರು. ನೀನಲ್ಲ. ಅವರು ತಿರುಗಿ ಬರುವವರೆಗೂ ನಾನು ಏನೇನು ಅಂದುಕೊಂಡೆ ಎಂದು ಹೇಳಲಾರೆ. ಈಗಲೂ ಸಂಜೆ ಮಂದೆ ಬರುವ ಹೊತ್ತಿಗೆ ಚಿನ್ನಮನೂರಿನ ದಾರಿಯ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ. ನಿನಗೆ ಈಗ ಎಷ್ಟು ವಯಸ್ಸಾಗಿರಬೇಕು, ಮಾವಾ? ಇದ್ದೀಯಾ?

ಮೊಮ್ಮಕ್ಕಳಿಗೆ ನಾನು ನಮ್ಮ ಮಾತಿನಲ್ಲಿ ಏನಾದರೂ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಟ್ಟು ಓಡಿಹೋಗುತ್ತಾರೆ. ಅರ್ಥವಾಗುತ್ತದೆ, ಆಡಲು ನಾಚಿಕೆ. ಬೈಯುವುದಕ್ಕೆ ಬಾಯಿ ಬರುವುದಿಲ್ಲ. ಕಲಿಸಿಕೊಟ್ಟವಳು ನಾನೇ ಅಲ್ಲವೇ?

ಮೊನ್ನೆ ಸಂಜೆ ಮನೆಯವರು ಹೊಲದಿಂದ ಬಂದು ಜಗಲಿಯ ಮೇಲೆ ಕೂತರು. ನಾನು ಚೊಂಬು ಇಟ್ಟು ಒಳಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತು, ಅವರು ಅಂಗಳದಲ್ಲಿ ನಿಂತು ಕೇಳಿದ್ದಕ್ಕೆ ಉತ್ತರ ಹೇಳಿದೆ. ಅಳು ಬಂದಿತ್ತು, ನಿಮಗೆ ಹೆದರಿ ನಕ್ಕೆ ಎಂದೆ. ಅವರು ನೀರು ಕುಡಿದು ಚೊಂಬು ಕೆಳಗಿಟ್ಟರು.

"ನಂಗ್ಯಾಕೆ ಹೇಳ್ತೀಯಾ," ಎಂದರು. "ಅವ್ನಿಗೆ ಹೇಳ್ಬೇಕಾಗಿತ್ತು."

ಅದಕ್ಕೇ ಹೇಳುತ್ತಿದ್ದೇನೆ. ಈಗ ಕೊಟ್ಟಿಗೆಯಲ್ಲಿ ನಿಂತಿದ್ದೇನೆ, ಎದುರಿಗೆ ನಮ್ಮ ಮುದಿ ಎತ್ತು, ಬೇರೆ ಯಾರೂ ಇಲ್ಲ. ಅದರ ಕೊರಳ ಮೇಲೆ ಕೈ ಇಟ್ಟುಕೊಂಡು, ನಮ್ಮ ಮಾತಿನಲ್ಲೇ ಹೇಳುತ್ತಿದ್ದೇನೆ. ನಿನ್ನ ಆಟ ನನಗೆ ಹಿಡಿಸಿತು, ಮಾವಾ. ನೀರ್ ಕುಡುದ್ಯಾ?