ನೆಗ್ಗು ಮಾವನ ಕ್ಯಾಮೆರಾ

ಮೂವತ್ತು ವರ್ಷ ವಿಮೆ ಕಂಪನಿಗೆಂದು ಅಪಘಾತದಲ್ಲಿ ನೆಗ್ಗಿದ ಕಾರುಗಳ ಫೋಟೋ ತೆಗೆದವರನ್ನು ನೆಂಟರ ಮಕ್ಕಳು ನೆಗ್ಗು ಮಾವ ಎನ್ನದೆ ಇನ್ನೇನೆಂದಾರು? ನಿವೃತ್ತಿಯಾದದ್ದೇ ದೊಡ್ಡ ಕ್ಯಾಮೆರಾ ಕೊಂಡು, ಇನ್ನುಮೇಲೆ ಚೆಂದದ್ದನ್ನೇ ತೆಗೆಯುತ್ತೇನೆಂದು ಪಣ ತೊಟ್ಟರು. ದಿನಕ್ಕೆ ಇಪ್ಪತ್ತು ಫೋಟೋ, ಜ್ವರ ಬಂದರೂ ತಪ್ಪಿಸಲಿಲ್ಲ. ಹುಟ್ಟುಗುಣ ಹಾಗಿರಲಿ, ಕಸುಬಿನ ಗುಣ ಸುಟ್ಟರೂ ಹೋದೀತೆ? ಹೂಕುಂಡ ತೆಗೆದರೆ ಬಿರುಕು ಬರುತ್ತಿತ್ತು, ಹೂವು ಮಾಯ. ಮೊಮ್ಮಗಳು ನಕ್ಕರೆ ಬಿದ್ದ ಹಲ್ಲಿನ ಕಿಂಡಿ ಮಾತ್ರ, ಪಕ್ಕದಲ್ಲಿ, ಕಾರಿನ ನೆಗ್ಗಿಗೆ ಇಡುತ್ತಿದ್ದ ಹಾಗೆ, ಅಳತೆಗೆಂದು ಪೆನ್ನು ಬೇರೆ!

"ನನ್ನದೊಂದಾದ್ರೂ ನೆಟ್ಟಗೆ ತೆಗೀರಿ" ಎಂದು ಹೆಂಡತಿ ಒಂದು ಬೆಳಿಗ್ಗೆ ಕಿಟಕಿ ಪಕ್ಕ ಕೂತರು. ಮಾವ ಬೆಳಕು ನೋಡಿ, ಮಂಡಿಯೂರಿ, ಉಸಿರು ಬಿಗಿಹಿಡಿದು ಒತ್ತಿದರು. ಮುಖ ಚೌಕಟ್ಟಿನ ಆಚೆಗೇ ಉಳಿದು, ಮೊಣಕೈಯ ಹಳೆಯ ಸುಟ್ಟಗಾಯದ ಕಲೆ ಅಚ್ಚುಕಟ್ಟಾಗಿ ಬಂದಿತ್ತು.

"ಇದ್ಯಾವಾಗ ಆಯ್ತೇ ನಿಂಗೆ?"

"ಹದಿನೆಂಟು ವರ್ಷ ಆಯ್ತು. ನೀವಾಗ ಯಾರದೋ ಬಂಪರ್ ನೋಡೋಕೆ ಹೋಗಿದ್ರಿ."

ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿದ ಮಾವ ಯಾಕೋ ಅದನ್ನು ತೆಗೆಯಲಿಲ್ಲ. ಕಲೆಯ ಪಕ್ಕ ತಮ್ಮ ಬೆರಳನ್ನೇ ಇಟ್ಟು, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಒತ್ತಿದರು.

ಅವರು ಈವರೆಗೆ ತೆಗೆದದ್ದರಲ್ಲಿ ಅಲುಗಿ ಬಂದ ಫೋಟೋ ಅದೊಂದೇ. ಹೆಂಡತಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೂ ಅದನ್ನೇ.