ವಾಷಿಂಗ್ ಮಷಿನ್ ಕಾಲಡಿ ಸಿಕ್ಕ ಸುವಾರ್ತೆ

ಹೂಂ, ಬರ್ಕೋ ಪುಟ್ಟಿ, ಎಲ್ಲಿಗೆ ನಿಲ್ಸಿದ್ದೆ? ನಿಮ್ಮ ದೊಡ್ಡಜ್ಜಿ, ಅಂದ್ರೆ ನನ್ನಕ್ಕ, ಗಂಡನ್ನ ಎಳ್ಕೊಂಡು ಪರದೇಶಕ್ಕೆ ಬೈಬಲ್ಲಿನ ಸುವಾರ್ತೆ ಸಾರೋಕೆ ಹೋದ್ಲಲ್ಲ, ಅಲ್ಲಿಗೆ. ಅರವತ್ತನೇ ವಯಸ್ಸಲ್ಲಿ, ಎರಡು ಮಂಡಿನೂ ಕಿರುಗುಟ್ಟೋ ಹೊತ್ನಲ್ಲಿ.

ಆಸೆ ಅವಳದ್ದು, ಬಾವಂದಲ್ಲ. ಬಾವ ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಮೆಕ್ಯಾನಿಕ್ಕು. ಅಕ್ಕ ಏನು ಕೇಳಿದ್ರೂ "ರಿಟೈರಾಗ್ಲಿ ತಡಿ, ಆಮೇಲೆ ನೀನು ಹೇಳಿದ್ದೇ" ಅನ್ನೋರು. ಅವಳು ಆ ಮಾತನ್ನ ಸೆರಗಿಗೆ ಗಂಟು ಹಾಕ್ಕೊಂಡಿದ್ಲು. ರಿಟೈರಾದ ಮಾರನೇ ದಿನವೇ ನಮ್ಮ ಚರ್ಚಿನ ಸಭೆಗೆ ಅರ್ಜಿ ಕೊಟ್ಲು. ಮೂರು ವರ್ಷ ಕಾದ್ಮೇಲೆ, ಒಂದೂವರೆ ವರ್ಷದ ಸೇವೆ ಅಂತ ಕಾಗದ ಬಂತು. ಬೀಳ್ಕೊಡುಗೆಲಿ ಇಡೀ ಸಭೆ ಅತ್ತಿದ್ದೇ ಅತ್ತಿದ್ದು. ನಾನೂ ಅತ್ತೆ, ಅರ್ಧ ನಿಜವಾಗ್ಲೂ.

ಅಲ್ಲಿ ಒಂದು ನಿಯಮ. ಗಂಡ ಹೆಂಡ್ತಿ ಎಲ್ಲಿ ಹೋದ್ರೂ ಜೊತೆಗೇ ಇರ್ಬೇಕು. ಅಲ್ಲ, ರಿಟೈರಾದ್ಮೇಲೂ ಬಾವ ಹಗಲೆಲ್ಲ ಡಿಪೋಲೇ ಇರ್ತಿದ್ರು, ಇವರಿಬ್ರೂ ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಹಗಲು ಪೂರ್ತಿ ಒಂದೇ ಸೂರಿನಡಿ ಇದ್ದಿದ್ದು ಮಗಳ ಮದುವೆ ದಿನ ಮಾತ್ರ, ಅವತ್ತೂ ಬಾವ ಜನರೇಟರ್ ಪಕ್ಕದಲ್ಲೇ ಕೂತಿದ್ರು. ಈಗ ಮೂರನೇ ಮಹಡಿಲಿ ಒಂದೇ ರೂಮು, ಒಂದೇ ಕಿಟಕಿ. "ನಿಮ್ಮ ಬಾವ ಕಾಫಿ ನುಂಗುವಾಗ ಗಂಟಲಲ್ಲಿ ಅಷ್ಟು ಸದ್ದಾಗತ್ತೆ ಅಂತ ನಂಗೊತ್ತೇ ಇರ್ಲಿಲ್ಲ ಕಣೇ" ಅಂತ ಫೋನಲ್ಲಿ ಹೇಳಿದ್ಲು ಪಾಪ.

ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಚೀಲದ ತುಂಬ ಸುವಾರ್ತೆ ಪುಸ್ತಕ ತುಂಬ್ಕೊಂಡು ಮನೆಮನೆ ಬಾಗಿಲು ತಟ್ಟೋದು. ತೆಳ್ಳನೇ ಪುಸ್ತಕ, ಆ ದೇಶದ ಭಾಷೇಲೇ ಅಚ್ಚಾಗಿದ್ದು. ಕೆಳಗಡೆ ಪ್ರಾರ್ಥನೆ ಕೂಟಕ್ಕೆ ಒಂದು ಹಾಲ್, ಮೂವತ್ತು ಕುರ್ಚಿ. ಜನ ಬಂದು ಕೂತ್ಕೋಬೇಕು ಅನ್ನೋದೇ ಉದ್ದೇಶ. ಅಕ್ಕ ಆ ಭಾಷೇಲಿ ಇಪ್ಪತ್ತು ವಾಕ್ಯ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಾಯಿಪಾಠ ಮಾಡಿದ್ಲು. ಬಾವ ಕಲಿತಿದ್ದು ಎರಡೇ. "ನಮಸ್ಕಾರ", ಮತ್ತೆ "ಅದೇನು ಸದ್ದು?"

ಮೊದಲನೇ ವಾರವೇ ಕಥೆ ಶುರು. ಬ್ರೆಡ್ ಅಂಗಡಿಯಮ್ಮನ ಮನೆ. ಬಾಗಿಲು ತೆಗೆದ್ರೆ ಒಳಗಡೆ ಅಡುಗೆಮನೆಲಿ ವಾಷಿಂಗ್ ಮಷಿನ್ನು ದಡಬಡ ದಡಬಡ ಕುಣೀತಿದೆ. ಬಾವ ಕತ್ತು ವಾಲಿಸಿ ಕೇಳಿಸ್ಕೊಂಡ್ರು. ಅಕ್ಕ ಮೂರನೇ ವಾಕ್ಯಕ್ಕೆ ಬರೋದ್ರೊಳಗೆ ನೆಲದ ಮೇಲೆ ಮಲಗೇಬಿಟ್ಟಿದ್ರು.

"ರೀ, ನಾವು ಬಂದಿರೋದು ಜನರ ಆತ್ಮಕ್ಕೋಸ್ಕರ."

"ಟಾರ್ಚ್ ಹಿಡಿಯೇ. ಒಂದು ಕಾಲು ಗಿಡ್ಡ ಆಗಿದೆ."

ಗಿಡ್ಡ ಕಾಲಿಗೆ ಆಸರೆ ಬೇಕಲ್ಲ, ಕೈಗೆ ಸಿಕ್ಕಿದ್ದು ಸುವಾರ್ತೆ ಪುಸ್ತಕ. ನಾಲ್ಕು ಮಡಿಕೆ ಮಾಡಿ ತುರುಕಿದ್ರು. ಮಷಿನ್ನು ಗಪ್‌ಚುಪ್ಪು. "ದಪ್ಪ ಹೇಳಿ ಮಾಡಿಸ್ದಂಗಿದೆ ನೋಡು" ಅಂದ್ರಂತೆ. ಅಕ್ಕ ಅವರ ಪರವಾಗಿ ಅಲ್ಲೇ ದೇವರ ಕ್ಷಮೆ ಕೇಳಿದ್ಲು, ಟಾರ್ಚ್ ಮಾತ್ರ ಕೆಳಗಿಳಿಸ್ಲಿಲ್ಲ.

ಆಮೇಲೆ ಪಕ್ಕದ ಮನೆಯವಳು ಕರೆದ್ಲು, ಎದುರು ಮನೆಯವನು ಕರೆದ. ಐದು ತಿಂಗಳಲ್ಲಿ ಮೂರು ಬೀದಿ ಮಷಿನ್ನುಗಳು ಸುವಾರ್ತೆ ಮೇಲೆ ನಿಂತ್ವು, ಕೆಳಗಿನ ಹಾಲ್‌ನಲ್ಲಿ ಮೂವತ್ತು ಕುರ್ಚಿನೂ ಖಾಲಿ. ಅಕ್ಕ ವರದಿಲಿ "ಎಪ್ಪತ್ತು ಮನೆಗಳಲ್ಲಿ ಪುಸ್ತಕ ಇಟ್ಟಿದ್ದೇವೆ" ಅಂತ ಬರೆದ್ಲು. ಸುಳ್ಳೇನಲ್ಲ ಬಿಡು.

ಅದನ್ನ ಓದಿ ಸುವಾರ್ತೆ ಮಿಷನ್ನಿನ ಮೇಲಧಿಕಾರಿ ಒಂದು ಕಾಗದ ಬರೆದ್ರು. ಮಾತಿಗೊಂದ್ಸಲ ಕೈಗಡಿಯಾರ ನೋಡೋ ಮನುಷ್ಯ, ಅಕ್ಕ ಇಟ್ಟ ಹೆಸರು ಗಡಿಯಾರದಯ್ಯ. "ಎಪ್ಪತ್ತು ಪುಸ್ತಕಕ್ಕೆ ಒಬ್ಬರೂ ಬಂದಿಲ್ಲ. ಶುಕ್ರವಾರ ಬಂದು ನೋಡ್ತೀನಿ, ಕೆಲಸ ಆಗ್ತಿಲ್ಲ ಅಂದ್ರೆ ನಿಮ್ಮನ್ನ ವಾಪಸ್ ಕಳಿಸ್ಬೇಕಾಗತ್ತೆ."

ಅಕ್ಕ ಕಾಗದನ ಮೂರು ಸಲ ಓದಿದ್ಲು. ಜೀವಮಾನದಲ್ಲಿ ಅವಳು ಕೇಳಿದ್ರಲ್ಲಿ ಕೈಗೂಡಿದ್ದು ಇದೊಂದೇ. "ಅವತ್ತು ಅತ್ತು ಕಳಿಸ್ದೋರಿಗೆಲ್ಲ ಯಾವ ಮುಖ ತೋರಿಸ್ಲಿ?"

"ಇನ್ನೊಂದ್ಸಲ ಅಳ್ತಾರೆ ಬಿಡು, ಅಭ್ಯಾಸ ಇದೆ" ಅಂದ್ರು ಬಾವ. ಆವತ್ತಿಡೀ ದಿನ ಅಕ್ಕ ಅವರ ಜೊತೆಗೇ ಇದ್ದು ಮಾತು ಬಿಟ್ಲು. ಮಾತು ಬಿಟ್ಟೋರ ಜೊತೆಗೂ ಒಟ್ಟಿಗೇ ಓಡಾಡ್ಬೇಕಲ್ಲ, ಅದಕ್ಕಿಂತ ಶಿಕ್ಷೆ ಬೇಕಾ.

ಶುಕ್ರವಾರ ಗಡಿಯಾರದಯ್ಯ ಬಂದು ಕುರ್ಚಿಗಳನ್ನ ನೋಡಿದ್ರು, ಗಡಿಯಾರ ನೋಡಿದ್ರು. "ಪುಸ್ತಕಗಳೆಲ್ಲ ಎಲ್ಲಿ?"

ಮೇಜಿನ ಮೇಲೆ ಬೈಬಲ್ಲಿದೆ, ಸುಳ್ಳು ಹೇಗೆ ಹೇಳ್ತಾಳೆ. "ವಾಷಿಂಗ್ ಮಷಿನ್ ಅಡಿಲಿ ಇವೆ ಅಯ್ಯಾ" ಅಂದ್ಲು.

ಅವರು ಬಾಯಿ ತೆಗೆಯೋಷ್ಟರಲ್ಲಿ ಬ್ರೆಡ್ ಅಂಗಡಿಯಮ್ಮ ಒಳಗೆ ನುಗ್ಗಿದ್ಲು. ಮೊಣಕೈವರೆಗೂ ಹಿಟ್ಟು, ಕೈಲಿ ಅಪ್ಪಚ್ಚಿಯಾದ ಪುಸ್ತಕ, ಪಟಪಟ ಅಂತ ಮಾತು. ಅಕ್ಕನ ಇಪ್ಪತ್ತು ವಾಕ್ಯದಲ್ಲಿ ಅದು ಯಾವುದೂ ಇಲ್ಲ. ಗಡಿಯಾರದಯ್ಯನೇ ಬಿಡಿಸಿ ಹೇಳಿದ್ರು. ಮಷಿನ್ನು ಸುಮ್ಮನಾದ್ಮೇಲೆ ಅಡುಗೆಮನೆಲಿ ಕೂರೋ ಹಾಗಾಯ್ತಂತೆ, ಕೂತೂ ಕೂತೂ ಅಡಿಲಿರೋದು ಏನಿದು ಅಂತ ಎಳೆದು ಓದಿದ್ಲಂತೆ. ಕೊನೇ ಎರಡು ಹಾಳೆ ನೆಂದು ಅಂಟ್ಕೊಂಡಿವೆ, ಕೊನೆಗೆ ಏನಾಯ್ತು ಅಂತ ಹೇಳ್ಬೇಕಂತೆ. ಜೊತೆಗೆ ಇನ್ನೊಂದು ಪುಸ್ತಕ ಬೇಕು, ಮಷಿನ್ನು ಈಗ ಕುಣ್ಕೊಂಡು ಬಾಗಿಲವರೆಗೂ ಬಂದಿದೆ.

ಗಡಿಯಾರದಯ್ಯ ಅವಳಿಗೆ ಕುರ್ಚಿ ಎಳೆದು ಹಾಕಿದ್ರು. ಅಕ್ಕ ನೋಟ್‌ಬುಕ್ ತೆಗೆದು ಹನ್ನೊಂದನೇ ವಾಕ್ಯದಿಂದ ಶುರು ಹಚ್ಚಿದ್ಲು, ತಡವರಿಸಿದಲ್ಲಿ ಅವರು ಎತ್ತಿಕೊಟ್ರು. ಒಂದು ಗಂಟೆ ಆ ಮನುಷ್ಯ ಗಡಿಯಾರ ನೋಡ್ಲಿಲ್ಲವಂತೆ. ಹೋಗುವಾಗ, "ಅವಧಿ ಮುಗಿಯೋವರೆಗೂ ಇರಿ. ಆದ್ರೆ ಇನ್ಮೇಲೆ ಒಂದು ಪುಸ್ತಕವೂ ಮಷಿನ್ ಅಡಿಗೆ ಹೋಗಬಾರದು" ಅಂದ್ರು.

"ಮತ್ತೇನಿಡ್ಲಿ?" ಅಂತ ಬಾವ ನಿಜವಾಗ್ಲೂ ಕೇಳಿದ್ರಂತೆ ಕಣೇ.

ಸಾಕು, ಪೆನ್ನು ಮುಚ್ಚು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎಪ್ಪತ್ತು ರಬ್ಬರ್ ಬಿಲ್ಲೆ ತಗೊಂಡ್ಬಾ, ಪಾರ್ಸೆಲ್ ಕಳಿಸ್ಬೇಕು. ಅಲ್ಲೂ ಸಿಗತ್ತೆ, ಆದ್ರೆ ಅಂಗಡಿಲಿ ಕೇಳೋಕೆ ಬಾವನಿಗೆ ಭಾಷೆ ಬರಲ್ಲ, ಅಕ್ಕ ಕೇಳಲ್ಲ ಅಂತ ಹಠ ಹಿಡಿದು ಕೂತಿದಾಳೆ. ದಪ್ಪ ಎಷ್ಟು ಅಂದ್ರೆ, ಅಲ್ಲಿ ಕಪಾಟಿನ ಮೇಲೆ ನಮ್ಮ ಸಭೆಯ ಅಂಥದ್ದೇ ಪುಸ್ತಕ ಇದೆ, ತಗೊಂಡು ಹೋಗು. ಅಂಗಡಿಯವನ ಮುಂದೆ ನಾಲ್ಕು ಮಡಿಕೆ ಮಾಡಿ ತೋರಿಸು.