ಜೊಂಜುವಿನಲ್ಲಿ ಉಣ್ಣದೇ ಎದ್ದ ಊಟ

ಪಾಸ್‌ಪೋರ್ಟು ಕಳೆಯಬಹುದಿತ್ತು. ನನ್ನದು ಉಳಿದು ಅಕ್ಕನದಷ್ಟೇ ಕಳೆಯಬಹುದಿತ್ತು, ಅದು ಇನ್ನೂ ಕೆಟ್ಟದ್ದು. ವಿಮಾನದಲ್ಲಿ ಅಕ್ಕನ ಮೊಣಕಾಲು ಹಿಡಿದುಕೊಳ್ಳಬಹುದಿತ್ತು. ಸೂಟ್‌ಕೇಸಿನೊಳಗೆ ರಂಜಕದ ಬಾಟಲಿ ಒಡೆದು, ಕೆಂಪು ಮೆಣಸಿನಕಾಯಿ ಬೆಳ್ಳುಳ್ಳಿ ಕುಟ್ಟಿದ ಆ ಚಟ್ನಿ ನನ್ನ ಬಿಳಿ ಅಂಗಿಗಳಿಗೆಲ್ಲ ಹತ್ತಿ, ವಿಮಾನ ನಿಲ್ದಾಣದ ಪೊಲೀಸರು ಅದನ್ನು ರಕ್ತವೆಂದು ತಿಳಿಯಬಹುದಿತ್ತು. ತರಕಾರಿಯೆಂದು ಮೀನು ತಿಂದುಬಿಡಬಹುದಿತ್ತು. ಯಾದಗಿರಿಯ ಮನೆಯಲ್ಲಿ ನೀರಿನ ಮೋಟರು ಬಂದ್ ಮಾಡಿದ್ದೆನೋ ಇಲ್ಲವೋ, ಹನ್ನೊಂದು ದಿನ ಹರಿದು ಓಣಿಯೇ ಕೆರೆಯಾಗಬಹುದಿತ್ತು. ಯುದ್ಧವೂ ಶುರುವಾಗಬಹುದಿತ್ತು, ದಕ್ಷಿಣ ಕೊರಿಯಾಕ್ಕೆ ಉತ್ತರದ ನೆರೆಯವರ ಕಾಟ ಇದೆ ಎಂದು ಪೇಪರಿನಲ್ಲಿ ಓದಿದ್ದೆ.

ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನಗೆ ಕೊರಿಯಾ ನೋಡುವ ಆಸೆಯೇನೂ ಇರಲಿಲ್ಲ. ಆಸೆ ಅಕ್ಕನದು. ಸುರಪುರದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೆ ಅವಳು ಹಿಂದಿಗೆ ಡಬ್ ಆದ ಕೊರಿಯಾದ ಧಾರಾವಾಹಿಗಳನ್ನು ಫೋನಿನಲ್ಲಿ ನೋಡತೊಡಗಿದ್ದಳು. ಪ್ರೀತಿ ಪ್ರೇಮದ ಭಾಗ ಬಂದರೆ ಮುಂದಕ್ಕೆ ಓಡಿಸುತ್ತಿದ್ದಳು. ಹಿತ್ತಲಲ್ಲಿ ಸಾಲಾಗಿಟ್ಟ ಭರಣಿಗಳು, ಮೆಣಸಿನಪುಡಿ ಕಲಸುವ ಮುದುಕಿಯರು ಬಂದರೆ ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡುವಳು.

“ಮಂದಿ ರಿಟೈರ್ ಆಗಿ ಕಾಶಿಗಿ ಹೋಗ್ತಾರ, ನೀ ಕೊರಿಯಾಕ್ಕ ಹೊಂಟೀದಿ,” ಎಂದೆ.

“ಕಾಶ್ಯಾಗ ಮೆಣಸಿನಕಾಯಿ ಭರಣಿ ಅವ ಏನೋ? ನನಗ ಗುಡಿ ಗೋಪುರ ಏನೂ ಬ್ಯಾಡ ತಮ್ಮಾ. ಅಂಥಾಕಿ ಒಬ್ಬಾಕಿ ಮನ್ಯಾಗ ನೆಲದ ಮ್ಯಾಲ ಕುಂತು ಒಂದ್ ಹೊತ್ತು ಉಣಬೇಕು. ನಾ ಕುಟ್ಟಿದ ರಂಜಕ ಆಕಿಗಿ ತಿನಿಸಬೇಕು. ಅಷ್ಟ.”

ಹೈದರಾಬಾದಿನಿಂದ ಹೊರಡುವ ಪ್ರವಾಸಿ ತಂಡವೊಂದು ಸಿಕ್ಕಿತು. ಅವಳೊಬ್ಬಳನ್ನೇ ಕಳಿಸಿ ಇಲ್ಲಿ ಕೂತು ಚಿಂತೆ ಮಾಡುವುದಕ್ಕಿಂತ ಜೊತೆಗೇ ಹೋಗಿ ಚಿಂತೆ ಮಾಡುವುದು ಮೇಲೆಂದು ನಾನೂ ಹೊರಟೆ.

ಏಳನೆಯ ದಿನ ಜೊಂಜು ಮುಟ್ಟಿದೆವು. ಊಟಕ್ಕೆ ಹೆಸರಾದ ಹಳೆಯ ಪಟ್ಟಣ. ಗಿಡ್ಡ ಗೋಡೆಗಳ ಹಿಂದೆ ಕಪ್ಪು ಹಂಚಿನ, ಮರದ ಕಂಬದ ಮನೆಗಳು. ಬಸ್ಸು ಎರಡು ಗಂಟೆಗೆ ಹೊರಡುತ್ತದೆ, ಅಲ್ಲಿಯವರೆಗೆ ನಿಮ್ಮ ಪಾಡಿಗೆ ತಿರುಗಾಡಿ ಎಂದು ಗೈಡ್ ನಮ್ಮನ್ನು ಬಿಟ್ಟ. ತಂಡದವರೆಲ್ಲ ಬಾಡಿಗೆಯ ರೇಷ್ಮೆ ಉಡುಗೆ ತೊಟ್ಟು ಫೋಟೊ ತೆಗೆಸಿಕೊಳ್ಳಲು ಹೋದರು. ಅಕ್ಕ ಒಂದು ಸಣ್ಣ ಓಣಿಗೆ ತಿರುಗಿದಳು. ನಾನು, ಓಣಿಯ ಮೂಲೆಯ ಅಂಗಡಿಯ ಗುರುತು ನೆನಪಿಟ್ಟುಕೊಳ್ಳುತ್ತ, ಹಿಂದೆ ನಡೆದೆ.

ತೆರೆದ ಬಾಗಿಲೊಂದರ ಒಳಗೆ ಅಂಗಳ. ಅಂಗಳದಲ್ಲಿ ಹನ್ನೆರಡು ಭರಣಿಗಳು. ಅವುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಸೊಪ್ಪು ತೊಳೆಯುತ್ತಿದ್ದ ಮುದುಕಿ. ಅಕ್ಕ ಹೊಸ್ತಿಲಲ್ಲಿ ನಿಂತು ಅಪ್ಪಟ ಕನ್ನಡದಲ್ಲಿ, “ಯವ್ವಾ, ಒಳಗ ಬರ್ಲೇನ್ರಿ?” ಎಂದಳು. ಆಕೆ ಬಾ ಎಂದು ಕೈ ಮಾಡಿದಳು. ಅಕ್ಕ ಚೀಲದಿಂದ ರಂಜಕ ತೆಗೆದು ಬೆರಳ ತುದಿಯಷ್ಟು ಆಕೆಯ ಅಂಗೈಗಿಟ್ಟಳು. ಮುದುಕಿ ನೆಕ್ಕಿದಳು, ಕಣ್ಣರಳಿಸಿದಳು, ಮತ್ತೊಮ್ಮೆ ಕೈ ಚಾಚಿದಳು. ಆಮೇಲೆ ತನ್ನ ಭರಣಿಯ ಮುಚ್ಚಳ ತೆಗೆದು ಕಡುಗೆಂಪಿನ ಮೆಣಸಿನಕಾಯಿ ಮುದ್ದೆಯನ್ನು ಅಕ್ಕನ ಕೈಗಿಟ್ಟಳು.

“ಸೀ ಅದಲ್ಲೋ ಇದು! ಮೆಣಸಿನಕಾಯ್ಗಿ ಬೆಲ್ಲ ಹಾಕ್ಯಾಳೇನು ಈಕಿ?” ಅಕ್ಕ ನಕ್ಕಳು. ನಗು ನೋಡಿ ಮುದುಕಿಯೂ ನಕ್ಕಳು, ಅಕ್ಕನ ಮಣಿಕಟ್ಟು ಹಿಡಿದು ಒಳಗೆ ಕರೆದೊಯ್ದು, ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಕೂರಿಸಿ ಗಿಡ್ಡ ಮೇಜೊಂದನ್ನು ಮುಂದಿಟ್ಟಳು.

ಬಟ್ಟಲುಗಳು ಬರತೊಡಗಿದವು. ನಾನು ಕಿಸೆಯಿಂದ ಚೀಟಿ ತೆಗೆದೆ: ಮಾಂಸ, ಮೀನು ತಿನ್ನುವುದಿಲ್ಲ ಎಂದು ಗೈಡ್‌ನಿಂದ ಅವರ ಭಾಷೆಯಲ್ಲಿ ಬರೆಸಿಕೊಂಡದ್ದು. ಮುದುಕಿ ಓದಿ, ತಲೆಯಾಡಿಸಿ, ನಾಲ್ಕು ಬಟ್ಟಲು ವಾಪಸು ಒಯ್ದಳು. ಅವುಗಳ ಬದಲಿಗೆ ಬೇರೆ ಸೊಪ್ಪು ಬೇಯಿಸಲು ಕೂತಳು. ಹೊಸದಾಗಿ ಅನ್ನಕ್ಕೂ ಇಟ್ಟಳು. ಗಡಿಯಾರ ನೋಡಿದೆ. ಮತ್ತೆ ನೋಡಿದೆ. ಒಂದು ಗಂಟೆ ದಾಟಿತ್ತು.

“ಅಕ್ಕಾ, ಏಳು. ಬಸ್ ಹೋಗ್ತದ.”

“ಬಸ್ಸೇನ್ ನಿನ್ನ ಬಿಟ್ಟು ಓಡಿ ಹೋಗ್ತದೇನೋ? ಅನ್ನ ಇಳಸಾಕತ್ತಾಳ ನೋಡು.”

“ದೇಶಾ ನಮ್ದಲ್ಲ, ಭಾಷಾ ಬರಂಗಿಲ್ಲ. ಬಿಟ್ಟು ಹೋದ್ರ ಯಾರ ಕೇಳೋರು? ಏಳಂದ್ರ ಏಳು!”

ದನಿ ಏರಿತ್ತು. ಮುದುಕಿ ಎರಡೂ ಕೈಯಲ್ಲಿ ಹಿತ್ತಾಳೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅನ್ನದಿಂದ ಹಬೆ ಏಳುತ್ತಿತ್ತು. ಅಕ್ಕ ನನ್ನ ಮುಖ ನೋಡಿದಳು. ನೆಲಕ್ಕೆ ಕೈಯೂರಿ ಎದ್ದಳು. ರಂಜಕದ ಬಾಟಲಿಯನ್ನು ಮೇಜಿನ ಮೇಲಿಟ್ಟು ಕೈ ಮುಗಿದಳು.

ನಮ್ಮ ಕಡೆ ಊಟಕ್ಕೆ ಕೂತವರನ್ನು ಎಬ್ಬಿಸುವುದಿಲ್ಲ. ಸಾವಿನ ಸುದ್ದಿ ತಂದವನೂ ಅವರು ಉಂಡು ಕೈ ತೊಳೆಯುವ ತನಕ ಹೊರಗೆ ನಿಂತಿರುತ್ತಾನೆ. ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮೂವತ್ತು ವರ್ಷ ಯಾದಗಿರಿ–ಶಹಾಪುರ ಬಸ್ಸಿನಲ್ಲಿ ಓಡಾಡಿದವನು ನಾನು. ಅಲ್ಲಿ ಮೊದಲೇ ಹೋಗಿ ಕಿಟಕಿಯಿಂದ ಟವೆಲ್ ಎಸೆದವನಿಗೆ ಸೀಟು. ಸರಿಯಾದ ವೇಳೆಗೆ ಬಂದವನು ನಿಂತೇ ಹೋಗುತ್ತಾನೆ. ಜೊಂಜುವಿನ ಓಣಿಯಲ್ಲಿ ಅಕ್ಕನ ಮುಂದೆ ಮುಂದೆ ಓಡುವಾಗಲೂ ನನ್ನ ಕೈಯಲ್ಲಿ ಟವೆಲ್ ಇತ್ತು. ನಮ್ಮ ಸೀಟುಗಳು ಮೊದಲ ದಿನವೇ ನಿಗದಿಯಾಗಿದ್ದವು ಎಂಬುದು ತಲೆಗೇ ಬರಲಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಊರಿಗೆ ಮರಳಿ ಅವಳನ್ನು ಸುರಪುರಕ್ಕೆ ಬಿಡಲು ಹೋಗುವಾಗ ಶಹಾಪುರದಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ಬಜ್ಜಿ ತಿನ್ನಲು ಕೂತೆವು. ನಾನು ರೂಢಿಯಂತೆ ಬಸ್ ನಿಲ್ದಾಣದ ಕಡೆಗೆ ಕತ್ತು ಹೊರಳಿಸಿದೆ.

“ತಿನ್ನೋ ತಮ್ಮಾ,” ಎಂದಳು. “ಅವಸರಿಲ್ಲ.”

ಕತ್ತು ಈಚೆ ಹೊರಳಿಸಿ ಮಿರ್ಚಿ ಮುರಿದೆ.

ಕಚೇರಿಯಲ್ಲಿ, “ಅಷ್ಟು ದೂರ ಹೋಗಿ ಬಂದ್ರಿ, ಏನೂ ತ್ರಾಸ್ ಆಗಲಿಲ್ಲೇನ್ರಿ?” ಎಂದು ಕೇಳುತ್ತಾರೆ. ಏನೂ ಆಗಲಿಲ್ಲ ಎನ್ನುತ್ತೇನೆ. ಪಾಸ್‌ಪೋರ್ಟು ಕಪಾಟಿನಲ್ಲಿದೆ. ಮೋಟರು ಬಂದ್ ಇತ್ತು. ಆದದ್ದು ಇಷ್ಟೇ: ನಾವು ಓಡಿ ಹೋಗಿ ಮುಟ್ಟಿದಾಗ ಬಸ್ಸಿನ ಬಾಗಿಲೇ ತೆರೆದಿರಲಿಲ್ಲ. ಡ್ರೈವರ್ ನೆರಳಲ್ಲಿ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದ. ನಾವು ನಲವತ್ತು ನಿಮಿಷ ಮೊದಲೇ ಬಂದಿದ್ದೆವು.